ಸೆಗಾನೋ, ಪ್ಲೇಸ್ಟೇಷನ್ನೋ?

ವೀರಭದ್ರ ದೇವರ ಹಣೆಗೆ ಅಜ್ಜಿ ಕಾಶಮ್ಮ ಅಂಟಿಸಿದ್ದ ಒದ್ದೆ ಹೂವು ಇನ್ನೂ ಬಿದ್ದಿರಲಿಲ್ಲ. ಬಲಕ್ಕೆ ಬಿದ್ದರೆ ಅಮೂಲ್ಯ ಕೇಳಿದ ಪ್ಲೇಸ್ಟೇಷನ್. ಎಡಕ್ಕೆ ಬಿದ್ದರೆ, ಗೆಳೆಯರ ಕ್ಯಾಸೆಟ್ ಎರವಲು ಸಿಗುತ್ತದೆಂದು ತಮ್ಮ ಮಧು ಹಟ ಹಿಡಿದ ಸೆಗಾ. ಈ ವಿಡಿಯೊ ಗೇಮ್ ಜಗಳ ಕೇಳಿ ಸಾಕಾಗಿದ್ದ ಅಪ್ಪ, ದೇವರು ಹೇಳಿದ್ದನ್ನೇ ಶಿವಮೊಗ್ಗದಿಂದ ತರುತ್ತೇನೆಂದು ಬಾಗಿಲಲ್ಲಿ ಸ್ಕೂಟರ್ ಹತ್ತಿ ಕುಳಿತಿದ್ದರು.

ಕರೆಂಟ್ ಹೋಗಿತ್ತು. ಅಜ್ಜಿಯೂ ಮಧುವೂ ಕೈ ಮುಗಿದು ಕಣ್ಣು ಮುಚ್ಚಿದ್ದರು. ಕಣ್ಣು ಬಿಟ್ಟುಕೊಂಡಿದ್ದವಳು ಅಮೂಲ್ಯ ಒಬ್ಬಳೇ. ದೇವರ ಎಡಗಡೆ ಇಟ್ಟಿದ್ದ ಟೇಬಲ್ ಫ್ಯಾನಿನ ಸ್ವಿಚ್ ಹಾಕಿಯೇ ಇದ್ದದ್ದು ಅವಳಿಗೆ ಕಂಡಿತು. ಕರೆಂಟ್ ಬಂದರೆ ಗಾಳಿ ಬಲಕ್ಕೇ ಬೀಸುತ್ತದೆ. ಅವಳು ಉಸಿರು ಬಿಗಿಹಿಡಿದು ನಿಂತಳೇ ಹೊರತು ಸ್ವಿಚ್ಚಿನ ಕಡೆ ಕೈ ಚಾಚಲಿಲ್ಲ.

ಫ್ಯಾನ್ ಗುರ್ರೆಂದಿತು. ಹೂವು ನಡುಗಿ ಬಲಕ್ಕೆ ಬಿತ್ತು.

"ಬಲಗಡೆ ಪ್ರಸಾದ ಆಯ್ತು!" ಅಜ್ಜಿ ಕೆನ್ನೆ ಬಡಿದುಕೊಂಡರು. ಮಧು ಇನ್ನು ರಂಪ ಮಾಡುತ್ತಾನೆ ಎಂದುಕೊಂಡಳು ಅಮೂಲ್ಯ. ಅವನು ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಅವಳ ಅಂಗೈಯಲ್ಲಿಟ್ಟ. "ತಗೋ ಅಕ್ಕ. ದೇವ್ರೇ ಹೇಳಿದ್ಮೇಲೆ ಇನ್ನೇನು."

ಹೊರಗೆ ಸ್ಕೂಟರ್ ಸ್ಟಾರ್ಟ್ ಆಯಿತು.

"ಅಪ್ಪಾ, ತಡೀರಿ!" ಅಮೂಲ್ಯ ಕೂಗಿದಳು. "ಅಜ್ಜಿ, ಇನ್ನೊಂದು ಹೂವು ಇಡು."

"ದೇವ್ರನ್ನ ಎರಡು ಸಲ ಕೇಳಬಾರ್ದು ಮಾರಾಯ್ತಿ!"

"ಮೊದಲ್ನೇ ಸಲ ಹೇಳಿದ್ದು ದೇವ್ರಲ್ಲ ಅಜ್ಜಿ," ಎಂದು ಅಮೂಲ್ಯ ಫ್ಯಾನ್ ಆರಿಸಿದಳು.