ನೆಟ್ಟಗಾದ ಕತ್ತು

ಚಿಕ್ಕಂದಿನಲ್ಲಿ ಅಜ್ಜಿ ತನ್ನ ಕತ್ತಿಗೆ ತಿಕ್ಕಿಕೊಳ್ಳುತ್ತಿದ್ದ ನೀಲಗಿರಿ ಎಣ್ಣೆಯ ವಾಸನೆ ಇಂದುಮತಿಗೆ ಇನ್ನೂ ನೆನಪಿದೆ. ಫೋನು ನೋಡಿ ನೋಡಿ ಆಗಲೇ ಜನರ ಕತ್ತು ಬಾಗತೊಡಗಿತ್ತು. ಈಗಂತೂ ಊರಿಗೆ ಊರೇ ನೆಲ ನೋಡಿಕೊಂಡು ನಡೆಯುತ್ತದೆ. ಅಂಗಡಿಗಳ ಹೆಸರು ನೆಲದ ಮೇಲಿದೆ, ಒಬ್ಬರನ್ನೊಬ್ಬರು ಗುರುತಿಸುವುದು ಚಪ್ಪಲಿಯಿಂದ.

ನೋವು ತಾಳಲಾರದೆ ಇಂದುಮತಿ ವರ್ಷವಿಡೀ ಗೋಡೆಗೆ ಬೆನ್ನು ಕೊಟ್ಟು ನಿಂತು, ಗದ್ದವನ್ನು ಹಿಂದಕ್ಕೆಳೆದು ದಿನಾ ಹತ್ತು ಎಣಿಸಿದಳು. ನೋವು ಹೋಯಿತು, ಕತ್ತು ನೆಟ್ಟಗಾಯಿತು. ಆದರೆ ಎದುರಿಗೆ ಕಂಡದ್ದು ಬರೀ ನೆತ್ತಿಗಳು. ಮಾತಾಡಿಸಲು ಒಂದು ಮುಖವೂ ಇರಲಿಲ್ಲ.

ಒಂದು ಮಧ್ಯಾಹ್ನ ಮೆಸ್ಸಿನ ಸಾಲಿನಲ್ಲಿ ಹಿಂದೆ ನಿಂತಿದ್ದ ಪುಟ್ಟತಾಯಿ ಕೆಣಕಿದಳು: "ಏನ್ ಇಂದಕ್ಕಾ, ಮೇಲೆ ಯಾರನ್ನ ಹುಡುಕ್ತಿದ್ದೀರಾ? ನಾವೆಲ್ಲ ಇಲ್ಲೇ ಕೆಳಗಿದ್ದೀವಲ್ಲಾ!"

ಸಾಲೆಲ್ಲ ನಕ್ಕಿತು. ನಾಳೆಯಿಂದ ವ್ಯಾಯಾಮ ಬಿಟ್ಟುಬಿಡೋಣ, ಇದಕ್ಕಿಂತ ಆ ನೋವೇ ವಾಸಿ ಎಂದುಕೊಂಡಳು ಇಂದುಮತಿ.

ಊಟದ ಕಿಂಡಿ ಇದ್ದದ್ದು ಸೊಂಟಕ್ಕಿಂತ ಕೆಳಗೆ. ಅವಳು ಬಗ್ಗುವಷ್ಟರಲ್ಲಿ ಬಡಿಸುವ ಜುಲೇಖಾ ತಟ್ಟೆ ಹಿಡಿದು ಹೊರಗೇ ಬಂದಳು. ಬಾಗಿಲಿಗೆ ಭುಜ ಆನಿಸಿ, ಹಲ್ಲು ಕಚ್ಚಿ, ಕತ್ತನ್ನು ಮೆಲ್ಲಮೆಲ್ಲಗೆ ಮೇಲೆತ್ತಿದಳು. ನೋವಿಗೆ ಕಣ್ಣಲ್ಲಿ ನೀರು ತುಂಬಿತ್ತು. ಹತ್ತು ವರ್ಷ ಅನ್ನ ಬಡಿಸಿದವಳ ಮುಖವನ್ನು ಇಂದುಮತಿ ಮೊದಲ ಸಲ ನೋಡಿದಳು.

ಜುಲೇಖಾ ತಟ್ಟೆಯನ್ನು ಅವಳ ಎದೆಯ ಮಟ್ಟಕ್ಕೆ ಚಾಚಿದಳು.