ಜಿಗಿಯುವ ಉಬ್ಬು

ಕಂಪ್ಯೂಟರ್ ಬಗ್ಗೆ ಅರ್ಧಂಬರ್ಧ ತಿಳಿದವನು ಇದನ್ನು ಹೇಳಹೊರಟಿದ್ದೇನೆ, ಮನ್ನಿಸಬೇಕು. ವಾಡಿ ಸಮೀಪದ ಸಿಮೆಂಟು ಕಾರ್ಖಾನೆಗೆ ಹೊಸದಾಗಿ ಬಂದಿದ್ದ ಕಂಪ್ಯೂಟರಿನ ಪರದೆಯ ಮೇಲೆ ಹಸಿರು ಗೆರೆ ಐದನೆಯ ಸಲ ಜಿಗಿದಾಗ, ಅದರ ಪ್ರೋಗ್ರಾಮು ಬರೆದಿದ್ದ ಅಂಬುಬಾಯಿ ಕೀಲಿಮಣೆಯನ್ನು ದೂಡಿಬಿಟ್ಟಳು.

ಕಲ್ಲು ಸುಡುವ, ಕೊಳವೆಯಂತೆ ಉದ್ದಕ್ಕೆ ಮಲಗಿದ ಕುಲುಮೆಯ ಹೊರಮೈ ಕಾವನ್ನು ಅಡಿ ಅಡಿಗೂ ಗಂಟೆಗೊಮ್ಮೆ ಅಳೆದ ಅಂಕಿಗಳಿಂದ ಅವಳು ಓಡುವ ಚಿತ್ರ ಮಾಡಿದ್ದಳು. ಒಳಗಿನ ಇಟ್ಟಿಗೆ ಉದುರಿದ ಕಡೆ ಕಾವು ಹೊರಗೆ ಹಾಯ್ದು ಗೆರೆ ಉಬ್ಬಬೇಕು. ಎಲ್ಲಿ ಒಡೆದು ರಿಪೇರಿ ಮಾಡಬೇಕೆಂದು ಸಂಜೆಯೊಳಗೆ ಹೇಳಬೇಕಿತ್ತು. ಆದರೆ ಉಬ್ಬು ಹದಿನಾರು ಗಂಟೆ ಎಡಕ್ಕೆ ನಿಂತು, ಎಂಟು ಗಂಟೆ ಬಲಕ್ಕೆ ಹಾರುತ್ತಿತ್ತು. ಮೂರು ದಿನ ಪ್ರೋಗ್ರಾಮಿನ ಸಾಲುಸಾಲನ್ನೂ ತಿದ್ದಿದ್ದಳು.

"ಏನ್ ಅಂಬವ್ವ, ಆಡಿನ ಮರಿ ಹಂಗ ಜಿಗೀಲಿಕತ್ತದಲ್ಲ!" ಕಾವು ಅಳೆಯುವ ಖಂಡಪ್ಪ ಬಾಗಿಲಲ್ಲಿ ನಕ್ಕ.

"ನಗಬ್ಯಾಡ್ರಿ ಕಾಕಾ, ತಲಿ ಕೆಟ್ಟದ. ನಿಮ್ಮ ಎರಡು ಪಾಳ್ಯಾಗ ಒಂದೇ ಕಡಿ ಇರ್ತದ, ಗೊಲ್ಲಾಳಪ್ಪನ ಪಾಳಿ ಬಂದ ಕೂಡಲೆ ಹಾರ್ತದ."

ಖಂಡಪ್ಪನ ನಗು ನಿಂತಿತು. "ನಾವು ಬೆಂಕಿ ಬಾಯಿಂದ ಫೂಟ್ ಎಣಸ್ತೀವವ್ವ. ಅವರು ಕಲ್ಲು ಹಾಕೋ ಬಾಯಿಂದ ಎಣಸ್ತಾರ. ಮೊದಲಿಂದ್ಲೂ ಹಂಗೇ."

ಅವಳು ಆ ಪಾಳಿಯ ಅಂಕಿಗಳನ್ನು ಕೊನೆಯಿಂದ ಮೊದಲಿಗೆ ತಿರುಗಿಸಿ ಹಾಕಿದಳು. ಉಬ್ಬು ಒಂದೇ ಕಡೆ ನಿಂತಿತು. ಅದಕ್ಕೂ ಮೊದಲು ಆ ಪಾಳಿಯ ಲೆಕ್ಕ ನಂಬಿ ಎಷ್ಟು ಸಲ ಗಟ್ಟಿ ಇಟ್ಟಿಗೆಗಳನ್ನೇ ಒಡೆದಿದ್ದರೋ, ನನಗೆ ಗೊತ್ತಿಲ್ಲ.