ಭಂಕೂರ ತಿರುವಿನಲ್ಲಿ ಕಂಡವನು

ಸತ್ತವನು ಕೇರಂ ಆಡುತ್ತಿದ್ದ. ಅದೂ ವಾಡಿ ಊರಿನಲ್ಲಿ ಶೌಕತ ಅಲಿಯ ಟೇಲರ್ ಅಂಗಡಿಯ ಮುಂದೆ, ಭಾನುವಾರದ ಹಗಲು ಬೆಳಕಿನಲ್ಲಿ, ಆರಾಮಾಗಿ ಕೂತುಕೊಂಡು.

ಅಂಬರೇಶ ರಸ್ತೆಯ ನಡುವೆಯೇ ನಿಂತುಬಿಟ್ಟ. ಕೈಯಲ್ಲಿದ್ದ ಕೊತ್ತಂಬರಿ ಕಟ್ಟು ಜಾರಿ ಬಿತ್ತು. ಅದೇ ಅಗಲ ಮುಖ, ಅದೇ ಬಿಳಿ ಮೀಸೆ. ಆ ಮುಖವನ್ನು ಅವನು ಎಂಜಿನ್ನಿನ ಗಾಜಿನಾಚೆ ನೋಡಿದ್ದು ಒಂದೇ ಸಲ, ರೆಪ್ಪೆ ಬಡಿಯುವಷ್ಟು ಹೊತ್ತು. ಆಮೇಲೆ ಮಾತ್ರ ದಿನಾ ಕಾಣುತ್ತಿತ್ತು. ಊಟದ ತಟ್ಟೆಯಲ್ಲಿ, ಬಚ್ಚಲಿನ ಹೊಗೆಯಲ್ಲಿ, ಮಲಗಿದ ಹೆಂಡತಿಯ ಭುಜದಾಚೆ.

ಅಂಬರೇಶ ಗೂಡ್ಸ್ ಗಾಡಿಯ ಚಾಲಕ. ಹೋದ ಚಳಿಗಾಲದ ಒಂದು ಮುಂಜಾನೆ, ನೆಲವೇ ಕಾಣದಷ್ಟು ಮಂಜು ಕವಿದಿದ್ದಾಗ, ಭಂಕೂರದ ಹತ್ತಿರದ ತಿರುವಿನಲ್ಲಿ ಈ ಮನುಷ್ಯ ಓಡಿಬಂದು ಹಳಿಯ ನಡುವೆ ನಿಂತ. ಎಷ್ಟು ಹಾರ್ನ್ ಹೊಡೆದರೂ ಕದಲಲಿಲ್ಲ. ತಲೆಯೆತ್ತಿ ಎಂಜಿನ್ನನ್ನು ಒಮ್ಮೆ ನೋಡಿದ. ಆಮೇಲೆ ಎರಡೂ ಕೈ ಚಾಚಿ, ದೇವರಿಗೆ ಅಡ್ಡಬೀಳುವವನ ಹಾಗೆ ನೆಲದತ್ತ ಬಗ್ಗಿದ. ಅಷ್ಟೊಂದು ವ್ಯಾಗನ್ ಹಿಂದೆ ಕಟ್ಟಿಕೊಂಡ ಗಾಡಿ ಬ್ರೇಕ್ ಹಾಕಿದ ಕೂಡಲೇ ನಿಲ್ಲುತ್ತದೆಯೇ? ಪಕ್ಕದಲ್ಲಿದ್ದ ಸಹಾಯಕ ಕಣ್ಣು ಮುಚ್ಚಿಕೊಂಡ. ಧಡ್ ಎಂದಿತು. ಗಾಡಿ ಬಹಳ ದೂರ ಹೋಗಿ ನಿಂತಿತು.

"ನೀವು ಇಳೀಬ್ಯಾಡ್ರಿ. ಇಲ್ಲಿಂದು ನಾ ನೋಡ್ಕೋತೀನಿ," ಎಂದ ಹಿಂದಿನ ಡಬ್ಬಿಯ ಗಾರ್ಡ್, ವಾಕಿಟಾಕಿಯಲ್ಲಿ.

ಅಂಬರೇಶ ಇಳಿಯಲಿಲ್ಲ. ಕೆಲಸಕ್ಕೆ ಸೇರಿದಾಗ ಹಿರಿಯ ಚಾಲಕರು ಕಲಿಸಿದ ಮೊದಲ ಪಾಠವೇ ಅದು. ಇಳಿಯಬೇಡ, ಯಾರೆಂದು ಕೇಳಬೇಡ, ಮರುದಿನ ಪೇಪರ್ ಓದಬೇಡ. ಹೆಸರು ಗೊತ್ತಾದರೆ ಹೆಣ ನಿನ್ನ ಮನೆಗೆ ಬರುತ್ತದೆ. ಅವನು ಯಾರನ್ನೂ ಏನನ್ನೂ ಕೇಳಲಿಲ್ಲ. ಆದರೂ ಹೆಣ ಮನೆಗೆ ಬಂತು, ಹೆಸರಿಲ್ಲದೆಯೇ ಬಂತು. ಅಂದಿನಿಂದ ರಜೆಯ ಮೇಲೆ ರಜೆ. ಎಂಜಿನ್ನಿನ ಮೆಟ್ಟಿಲಿಗೆ ಕೈ ಹಚ್ಚಿದರೆ ಮೈಯೆಲ್ಲ ಬೆವರು. ಓಣಿಯಲ್ಲೇ ಒಳ್ಳೆಯ ಕೇರಂ ಆಟಗಾರ ಎನಿಸಿಕೊಂಡಿದ್ದವನು ಶೌಕತನ ಅಂಗಡಿಯ ಕಟ್ಟೆಗೆ ಹೋಗುವುದನ್ನೂ ಬಿಟ್ಟ. ಸ್ಟ್ರೈಕರ್ ಬಡಿಯುವ ಸದ್ದಿಗೇ ಎದೆ ಹಾರುತ್ತಿತ್ತು. ನಾಳೆ ಡ್ಯೂಟಿಗೆ ಹಾಜರಾಗದಿದ್ದರೆ ನೌಕರಿ ಉಳಿಯುವುದಿಲ್ಲ ಎಂದು ಆಫೀಸಿನಿಂದ ಹೇಳಿ ಕಳಿಸಿದ್ದರು. ಆಗುವುದಿಲ್ಲ ಎಂದು ಹೆಂಡತಿ ಸುನಿತಾಳಿಗೆ ಬೆಳಿಗ್ಗೆಯಷ್ಟೇ ಹೇಳಿದ್ದ.

ಈಗ ನೋಡಿದರೆ ಆ ಹೆಣ ಕೇರಂ ಆಡುತ್ತಿದೆ!

"ಬರ್ರಿ ಅಂಬರೇಶ ಭಾಯಿ, ಕುಂದ್ರಿ. ಆಟಕ್ಕ ಒಬ್ಬರು ಕಮ್ಮಿ ಬಿದ್ದಾರ," ಎಂದು ಶೌಕತ ಅಲಿ ಕರೆದ. "ಇವರು ಬಸವಲಿಂಗಣ್ಣ. ಹಿಂದಿನ ಓಣ್ಯಾಗ ಹೊಸದಾಗಿ ಬಾಡಿಗಿಗಿ ಬಂದಾರ."

ಹೆಸರೂ ಗೊತ್ತಾಗಿಹೋಯಿತು. ಅಂಬರೇಶ ಪರಸಿಕಲ್ಲಿನ ಕಟ್ಟೆಯ ಮೇಲೆ, ಅವನೆದುರಿಗೇ ಕುಸಿದು ಕುಳಿತ. ದೆವ್ವದ ಪಾದ ಹಿಂದುಮುಂದು ಇರುತ್ತವೆ ಎಂದು ಅವನಜ್ಜಿ ಹೇಳುತ್ತಿದ್ದಳು. ಕದ್ದು ಕೆಳಗೆ ನೋಡಿದ. ಪಾದ ನೆಟ್ಟಗೇ ಇದ್ದವು, ಕಾಲಲ್ಲಿ ಹವಾಯಿ ಚಪ್ಪಲಿ ಬೇರೆ. ಬಲ ಹೆಗಲಿನಿಂದ ದೊಡ್ಡ ಟವೆಲ್ ಇಳಿಬಿಟ್ಟಿದ್ದ ಬಸವಲಿಂಗ ಎಡಗೈಯಿಂದ ಸ್ಟ್ರೈಕರ್ ಹೊಡೆದು ಕೆಂಪು ಕಾಯಿಯನ್ನು ಮೂಲೆಗೆ ಇಳಿಸಿಯೇಬಿಟ್ಟ. ಸುತ್ತಲಿದ್ದವರು ವಾಹ್ ಎಂದರು. ದೆವ್ವಕ್ಕೆ ಯಾರೂ ವಾಹ್ ಎನ್ನುವುದಿಲ್ಲ.

"ನೀವು ಎಡಚರೇನ್ರಿ ಅಣ್ಣಾ?" ಅಂಬರೇಶ ಕೇಳಿದ.

"ಇಲ್ಲ ತಮ್ಮಾ. ಈಗೀಗ ಕಲಿಲಿಕತ್ತೀನಿ." ಬಸವಲಿಂಗ ಟವೆಲ್ ಸರಿಸಿದ. ಮೊಣಕೈಯ ಕೆಳಗೆ ಅಂಗಿಯ ತೋಳು ಖಾಲಿ ಇತ್ತು. "ಭಂಕೂರದಾಗ ರೈಲಿಗಿ ಸಿಕ್ಕಿ ಹ್ವಾಯ್ತು. ಎಂಜಿನ್ ನನ್ನ ಆಚಿ ಒಗೀತು, ಜೀವ ಉಳೀತು."

ಹಾಗಾದರೆ ಹೋದದ್ದು ಕೈ ಒಂದೇ! ಮನುಷ್ಯ ಬದುಕಿದ್ದಾನೆ, ಉಸಿರಾಡುತ್ತಿದ್ದಾನೆ, ಆಟದಲ್ಲಿ ಗೆಲ್ಲುತ್ತಲೂ ಇದ್ದಾನೆ. ಅಂಬರೇಶನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇನ್ನೊಬ್ಬರ ಕೈ ಹೋದದ್ದಕ್ಕೆ ಹೀಗೆ ಹಿಗ್ಗುವುದು ಪಾಪವೇ ಸರಿ, ಆದರೆ ಹಿಗ್ಗು ತಡೆಯಲಾಗಲಿಲ್ಲ. ಆಟ ಮುಗಿಯುವಷ್ಟೂ ತಾಳ್ಮೆ ಇರದೆ, ಚಹಾ ಕುಡಿದು ಹೋಗಬೇಕೆಂದು ಬಸವಲಿಂಗನನ್ನು ಮನೆಗೆ ಕರೆದುಕೊಂಡು ಹೋದ.

ಸುನಿತಾ ಉಪ್ಪಿಟ್ಟು ಮಾಡಿ ಚಹಾಕ್ಕಿಟ್ಟಳು. ತಿಂಗಳುಗಟ್ಟಲೆ ಹೊಟ್ಟೆ ತುಂಬ ಉಣ್ಣದ ಗಂಡ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡ. ಯಾರಪ್ಪಾ ಈ ಪುಣ್ಯಾತ್ಮ ಎಂದು ಅವಳು ಬಂದವನನ್ನೇ ನೋಡುತ್ತ ನಿಂತಳು.

"ಸುನಿತಾ, ನಾಳಿ ನನ್ನ ಡಬ್ಬಿ ಕಟ್ಟು. ಡ್ಯೂಟಿಗಿ ಹೋಗ್ತೀನಿ."

"ಖರೇನೇ ಹೋಗ್ತೀರೇನ್ರಿ?" ಎಂದವಳು ಉತ್ತರಕ್ಕೂ ಕಾಯದೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು.

ಆಗ ಅಂಬರೇಶ ಬಸವಲಿಂಗನ ಕಾಲ ಹತ್ತಿರ ಕುಳಿತು ಎಲ್ಲ ಹೇಳಿಬಿಟ್ಟ. "ಅಣ್ಣಾ, ಅವತ್ತಿನ ಗಾಡಿ ನಂದೇ ಇತ್ತು. ನಿಮ್ಮನ್ನ ಕೊಂದೀನಿ ಅಂತ ತಿಳ್ಕೊಂಡು ಇಷ್ಟು ದಿನ ನಾನೂ ಸತ್ತಂಗೇ ಇದ್ದೆ."

ಬಸವಲಿಂಗ ಕಪ್ಪನ್ನು ಕೆಳಗಿಟ್ಟ. ಕಣ್ಣಲ್ಲಿ ನೀರಿತ್ತು, ಸಿಟ್ಟಿರಲಿಲ್ಲ.

"ನೀ ಹಾರ್ನ್ ಭಾಳ ಹೊಡದಿದ್ದಿ ತಮ್ಮಾ. ನನಗ ಇನ್ನೂ ಕೇಳಸ್ತದ. ನಿಂದೇನ್ ತಪ್ಪದ?"

ಎಷ್ಟು ದೊಡ್ಡ ಮಾತು! ಅಂಬರೇಶನ ಎದೆಯ ಮೇಲಿನ ಭಾರ ಇಳಿದೇಹೋಯಿತು. ಉಳಿದಿದ್ದ ಆ ಒಂದು ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಹಂಗಾದ್ರ ಒಂದು ಮಾತು ಕೊಡ್ರಿ ಅಣ್ಣಾ. ಎಂಥಾ ಕಷ್ಟನೇ ಬರಲಿ, ಇನ್ನೊಮ್ಮೆ ಸಾಯಾಕ ಅಂತ ಹಳಿ ಮ್ಯಾಲೆ ಹೋಗಬ್ಯಾಡ್ರಿ."

ಬಸವಲಿಂಗ ತಬ್ಬಿಬ್ಬಾಗಿ ಅವನನ್ನು ನೋಡಿದ.

"ನಿನಗ ಯಾರೂ ಹೇಳಿಲ್ಲೇನು ತಮ್ಮಾ? ನಾ ಸಾಯಾಕ ಬಂದಿದ್ದಿಲ್ಲ. ನನ್ನ ಮಗಳು ಹಳಿ ದಾಟೋ ಮುಂದ ಎಡವಿ ಬಿದ್ದಿದ್ದಳು, ಆಕಿನ್ನ ಎತ್ಕೊಳ್ಳಾಕ ಬಂದಿದ್ದೆ. ನನ್ನ ಕೈ ಹ್ವಾಯ್ತು, ಆಕೀನೂ ಹೋದಳು."